ಬೆಲ್‌ಗ್ರೇವಿಯಾ ಕಟ್ಟಿದ ಬಡಗಿ: ಥಾಮಸ್ ಕ್ಯುಬಿಟ್

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಹಿಂಬದಿಗೆ ಬೆಲ್‌ಗ್ರೇವಿಯಾ ಎಂಬ ಬಡಾವಣೆಯಿದೆ. ಹಾಲುಬಣ್ಣದ ಗಾರೆಯ ನಾಲ್ಕೈದು ಅಂತಸ್ತಿನ ಮನೆಗಳ ಸಾಲು, ಬಾಗಿಲ ಮುಂದೆ ಕಂಬಗಳ ಮೊಗಸಾಲೆ, ಸಾಲುಗಳ ನಡುವೆ ಮರಗಳಿಂದ ತುಂಬಿದ ಚೌಕ. ಹಲವು ರಾಷ್ಟ್ರಗಳ ರಾಯಭಾರ ಕಚೇರಿಗಳು ಇಲ್ಲಿವೆ. ಜಗತ್ತಿನ ದುಬಾರಿ ವಸತಿ ಪ್ರದೇಶಗಳ ಮಾತು ಬಂದಾಗ ಇದರ ಹೆಸರು ತಪ್ಪುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಇಲ್ಲಿದ್ದದ್ದು ಜೌಗು ನೆಲ. ಐದು ಹೊಲಗಳು ಎಂದು ಕರೆಯಲ್ಪಡುತ್ತಿದ್ದ ಆ ಬಯಲನ್ನು ಕತ್ತಲಾದ ಮೇಲೆ ದಾಟಲು ಜನ ಅಂಜುತ್ತಿದ್ದರು. ನೀರು ನಿಲ್ಲುವ ಆ ಜೇಡಿಮಣ್ಣಿನ ಮೇಲೆ ಮನೆ ಕಟ್ಟುವುದು ಲಾಭದ ಮಾತಲ್ಲವೆಂದು ನಗರದ ಕಟ್ಟಡಗಾರರು ಬಹುಕಾಲ ಅದರ ಗೊಡವೆಗೇ ಹೋಗಿರಲಿಲ್ಲ. ಅದನ್ನು ಕೈಗೆತ್ತಿಕೊಂಡವನು ಉಳಿ-ಕೊಡತಿ ಹಿಡಿದು ಬದುಕು ಆರಂಭಿಸಿದ ಥಾಮಸ್ ಕ್ಯುಬಿಟ್.

ಮನೆ ಕಟ್ಟಿ ಮಾರುವವರ ಇತಿಹಾಸದಲ್ಲಿ ಕ್ಯುಬಿಟ್‌ನಷ್ಟು ದೊಡ್ಡ ಹೆಸರುಗಳು ವಿರಳ. ವಾಸ್ತುಶಿಲ್ಪಿಗಳ ಹೆಸರು ಕಟ್ಟಡದ ಮೇಲೆ ಉಳಿಯುತ್ತದೆ. ಹಣ ಹೂಡಿ, ನೆಲ ಹಿಡಿದು, ಗಿರಾಕಿ ಬರುವ ಮೊದಲೇ ಮನೆ ಎಬ್ಬಿಸುವವನ ಹೆಸರು ಸಾಮಾನ್ಯವಾಗಿ ಸಾಲಗಾರರ ದಾವೆಗಳಲ್ಲಿ ಮಾತ್ರ ಉಳಿಯುತ್ತದೆ. ಈ ಮಾತಿಗೆ ಕ್ಯುಬಿಟ್ ಹೊರತಾಗಿ ಉಳಿದದ್ದು ಹೇಗೆಂಬುದೇ ಆತನ ಜೀವನದ ಕಥೆ.

ಹಡಗಿನ ಬಡಗಿ

ಕ್ಯುಬಿಟ್ ಹುಟ್ಟಿದ್ದು 1788ರ ಫೆಬ್ರುವರಿ 25ರಂದು, ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಪ್ರಾಂತ್ಯದ ಬಕ್ಸ್‌ಟನ್ ಎಂಬ ಹಳ್ಳಿಯಲ್ಲಿ. ತಂದೆ ಜೋನಥನ್ ಕೂಡ ಬಡಗಿಯೇ. ಹದಿಹರೆಯ ಮುಗಿಯುವ ಮೊದಲೇ ತಂದೆ ತೀರಿಕೊಂಡನು. ಮನೆಯ ಭಾರ ಹಿರಿಯ ಮಗನ ಹೆಗಲಿಗೇರಿತು. ದಿನಗೂಲಿಯ ಮರಗೆಲಸದಿಂದ ತಮ್ಮಂದಿರನ್ನು ನೆಲೆಗೊಳಿಸುವುದು ಸಾಧ್ಯವಿರಲಿಲ್ಲ. ಆಗ ಆತ ಹಿಡಿದದ್ದು ಭಾರತದ ದಾರಿ. ಹಡಗಿನ ಕಪ್ತಾನನ ಬಡಗಿಯಾಗಿ ಭಾರತಕ್ಕೆ ಹೋಗಿ ಬಂದನು. ಸಮುದ್ರಯಾನದ ಕೂಲಿಯಲ್ಲಿ ಉಳಿಸಿದ ಹಣವೇ ಆತನ ಮೂಲ ಬಂಡವಾಳ. 1809ರ ಸುಮಾರಿಗೆ ಲಂಡನ್ನಿನಲ್ಲಿ ಸ್ವಂತ ಬಡಗಿ ಅಂಗಡಿ ತೆರೆದಾಗ ಆತನಿಗೆ ಇಪ್ಪತ್ತೊಂದು ವರ್ಷ.

ಮೊದಲು ಬಂದದ್ದೆಲ್ಲ ದುರಸ್ತಿಯ ಕೆಲಸವೇ. ರಸೆಲ್ ಇನ್‌ಸ್ಟಿಟ್ಯೂಷನ್ ಎಂಬ ಸಭಾಭವನಕ್ಕೆ ಹೊಸ ಮಾಡು ಹೊದಿಸಿದ ಕೆಲಸ ಆತನಿಗೆ ಹೆಸರು ತಂದಿತು. ಹಳೆಯ ಕಟ್ಟಡವನ್ನು ಬಿಚ್ಚಿ ನೋಡುವವನಿಗೆ ಹಿಂದಿನವರು ಎಲ್ಲಿ ಮೋಸ ಮಾಡಿದ್ದಾರೆಂಬುದು ಮೊದಲು ಕಾಣುತ್ತದೆ. ತೇವ ಹಿಡಿದ ತೊಲೆ, ಅಳತೆಗಿಂತ ಸಣ್ಣದಾದ ಅಡ್ಡಪಟ್ಟಿ, ಸುಣ್ಣಕ್ಕಿಂತ ಬೂದಿಯೇ ಹೆಚ್ಚಿರುವ ಗಾರೆ. ಮಾಡು-ಮರದ ಕೆಲಸದಿಂದ ಬಂದ ಕ್ಯುಬಿಟ್‌ಗೆ ಈ ಪಾಠ ಮುಂದೆ ಬಹಳ ಉಪಯೋಗಕ್ಕೆ ಬಂದಿರಬೇಕು.

ಆತನ ದಾರಿಯನ್ನು ಬದಲಿಸಿದ್ದು 1815ರ ಒಂದು ಗುತ್ತಿಗೆ. ಫಿನ್ಸ್‌ಬರಿಯಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ನಿನ ಹೊಸ ಕಟ್ಟಡವನ್ನು ಕಟ್ಟುವ ಕೆಲಸ ಅದು. ಅಂದಿನ ಪದ್ಧತಿಯಲ್ಲಿ ಇಟ್ಟಿಗೆ ಕೆಲಸದವನು ಬೇರೆ, ಕಲ್ಲುಕುಟಿಗ ಬೇರೆ, ಬಡಗಿ ಬೇರೆ, ಗಾಜು ಕೂರಿಸುವವನು ಬೇರೆ. ಪ್ರತಿಯೊಬ್ಬನೂ ಸ್ವತಂತ್ರ ಮೇಸ್ತ್ರಿ. ಒಬ್ಬ ಬರುವ ದಿನ ಇನ್ನೊಬ್ಬ ಬೇರೆಡೆ ಇರುತ್ತಿದ್ದನು. ಗೋಡೆ ಏಳದೆ ತೊಲೆ ಇಡಲಾಗದು, ತೊಲೆ ಇಡದೆ ಮಾಡು ಹೊದಿಸಲಾಗದು. ಆದರೆ ಒಪ್ಪಂದದಲ್ಲಿ ಬರೆದ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ. ಮನೆ ಕಟ್ಟಿಸಿದವರಿಗೆಲ್ಲ ಈ ಸಂಕಟದ ಪರಿಚಯ ಇದ್ದೇ ಇರುತ್ತದೆ.

ಕ್ಯುಬಿಟ್ ಇದಕ್ಕೆ ಕಂಡುಕೊಂಡ ಉಪಾಯ ಅಂದಿಗೆ ಹುಚ್ಚು ಸಾಹಸವೆನಿಸುವಂಥದ್ದು. ಗ್ರೇಸ್ ಇನ್ ರಸ್ತೆಯಲ್ಲಿ ಜಾಗ ಹಿಡಿದು ಕಾರ್ಯಾಗಾರ ಕಟ್ಟಿದನು. ಬಡಗಿ, ಕಮ್ಮಾರ, ಕಲ್ಲುಕುಟಿಗ, ಗಾರೆಯವನು, ಬಣ್ಣ ಬಳಿಯುವವನು, ಗಾಜಿನವನು ಹೀಗೆ ಎಲ್ಲ ಕಸುಬಿನವರನ್ನೂ ತನ್ನದೇ ವೇತನದ ಪಟ್ಟಿಗೆ ಸೇರಿಸಿಕೊಂಡನು. ಒಂದು ಕೆಲಸಕ್ಕಾಗಿ ಕರೆದು ಮುಗಿದೊಡನೆ ಕಳುಹಿಸುವ ಬದಲು ಅವರನ್ನು ಕಾಯಂ ಆಗಿ ಇಟ್ಟುಕೊಂಡನು. ಎಲ್ಲ ಕಸುಬುಗಳನ್ನೂ ಒಂದೇ ಸೂರಿನಡಿ ತಂದ ಆಧುನಿಕ ಕಟ್ಟಡ ಸಂಸ್ಥೆಯ ಮಾದರಿ ಇಲ್ಲಿ ರೂಪುಗೊಂಡಿತೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಉಪಾಯ ಫಲಿಸಿತು, ಆದರೆ ಅದರ ಬೆನ್ನಿಗೇ ಹೊಸ ತಲೆನೋವು ಬಂದಿತು. ಕಾಯಂ ಕೆಲಸಗಾರರಿಗೆ ವಾರವಾರವೂ ಸಂಬಳ ಕೊಡಬೇಕು. ಗುತ್ತಿಗೆಗಳೋ ವಾರವಾರ ಬರುವುದಿಲ್ಲ. ಎರಡು ಗುತ್ತಿಗೆಗಳ ನಡುವಿನ ಖಾಲಿ ತಿಂಗಳುಗಳಲ್ಲಿ ಇಷ್ಟು ಕೈಗಳಿಗೆ ಕೆಲಸ ಎಲ್ಲಿಂದ ತರುವುದು? ಯಾರೂ ಕಟ್ಟಿಸದಿದ್ದರೆ ತಾನೇ ಕಟ್ಟಬೇಕು. ಕ್ಯುಬಿಟ್ ನೆಲದ ವ್ಯವಹಾರಕ್ಕೆ ಇಳಿದದ್ದು ಹೀಗೆ. ಹೈಬರಿ, ನ್ಯೂಯಿಂಗ್ಟನ್ ಗ್ರೀನ್, ಬಾರ್ನ್ಸ್‌ಬರಿಗಳಲ್ಲಿ ಆತನ ಮೊದಲ ಮನೆಗಳು ಎದ್ದವು.

ನೆಲ ಒಬ್ಬರದು, ಮನೆ ಇನ್ನೊಬ್ಬರದು

ಅಂದಿನ ಲಂಡನ್ನಿನಲ್ಲಿ ನಿವೇಶನ ಕೊಂಡು ಮನೆ ಕಟ್ಟಿ ಮಾರುವುದು ನಾವು ತಿಳಿದಂತೆ ಇರಲಿಲ್ಲ. ನಗರದ ಸುತ್ತಣ ನೆಲದ ಬಹುಭಾಗ ಬೆಡ್‌ಫರ್ಡ್, ಗ್ರೋವ್ನರ್ ಮೊದಲಾದ ಕೆಲವೇ ಶ್ರೀಮಂತ ಮನೆತನಗಳ ಕೈಯಲ್ಲಿತ್ತು. ಅವರು ನೆಲವನ್ನು ಮಾರುತ್ತಿರಲಿಲ್ಲ. ಸಾಮಾನ್ಯವಾಗಿ 99 ವರ್ಷಗಳ ಭೋಗ್ಯಕ್ಕೆ ಕೊಡುತ್ತಿದ್ದರು. ಇಷ್ಟು ವರ್ಷದೊಳಗೆ ಇಂಥ ದರ್ಜೆಯ ಇಷ್ಟು ಮನೆಗಳನ್ನು ಕಟ್ಟುತ್ತೇನೆಂದು ಕಟ್ಟಡಗಾರ ಬರೆದುಕೊಡಬೇಕು. ಮೊದಲ ಒಂದೆರಡು ವರ್ಷ ನೆಲಬಾಡಿಗೆ ಹೆಸರಿಗೆ ಮಾತ್ರ. ಅನಂತರ ಪೂರ್ತಿ ಬಾಡಿಗೆ ಶುರು. ಮನೆ ಮಾರಾಟವಾಗಲಿ, ಖಾಲಿ ಬಿದ್ದಿರಲಿ, ಬಾಡಿಗೆ ಮಾತ್ರ ತಪ್ಪದು. ಕಟ್ಟಡಗಾರನು ಮನೆಯ ಭೋಗ್ಯದ ಹಕ್ಕನ್ನು ಹೆಚ್ಚಿನ ನೆಲಬಾಡಿಗೆಗೆ ಮತ್ತೊಬ್ಬನಿಗೆ ದಾಟಿಸಿದಾಗ ನಡುವಿನ ವ್ಯತ್ಯಾಸ ಆತನ ಪಾಲು. ತೊಂಬತ್ತೊಂಬತ್ತು ವರ್ಷ ತುಂಬಿದಾಗ ನೆಲವೂ ಅದರ ಮೇಲಿನ ಮನೆಯೂ ಒಡೆಯನ ವಂಶಕ್ಕೆ ಮರಳುತ್ತಿತ್ತು.

ಈ ವ್ಯವಸ್ಥೆಯಲ್ಲಿ ಕಟ್ಟಡಗಾರನ ಶತ್ರು ಕಾಲ. ಎರಡೋ ಮೂರೋ ಮನೆಗಳಿಗೆ ಸಾಲ ಎತ್ತಿ ಕೈಹಾಕುವ ಸಣ್ಣ ಮೇಸ್ತ್ರಿಗಳು ಗೋಡೆ-ಮಾಡು ಎಬ್ಬಿಸುವಷ್ಟರಲ್ಲಿ ಬರಿಗೈಯಾಗುತ್ತಿದ್ದರು. ಬಾಗಿಲು-ಕಿಟಕಿ ಕಾಣದ ಅರೆಬರೆ ಮನೆಗಳ ಸಾಲುಗಳು ಲಂಡನ್ನಿನ ಅಂಚಿನಲ್ಲಿ ಸಾಮಾನ್ಯ ನೋಟವಾಗಿದ್ದವು. ಬೇಗ ಮುಗಿಸಿ ಬೇಗ ಕೈತೊಳೆದುಕೊಳ್ಳುವ ಆತುರದಲ್ಲಿ ಕೆಲಸ ಕಳಪೆಯಾಗುತ್ತಿತ್ತು. ಈ ಕಸುಬಿನ ಮೇಲಿನ ಅಪನಂಬಿಕೆ ಹಳೆಯದು. 1666ರ ಮಹಾ ಅಗ್ನಿ ದುರಂತದ ನಂತರ ಲಂಡನ್ನಿನಲ್ಲಿ ಬೀದಿಬೀದಿಗಳನ್ನೇ ಕಟ್ಟಿದ ನಿಕೊಲಸ್ ಬಾರ್ಬನ್ ಎಂಬ ವೈದ್ಯ ಪದವೀಧರ, ಅಗ್ನಿವಿಮೆಯ ವ್ಯಾಪಾರವನ್ನೂ ಆರಂಭಿಸಿದ ಚತುರ, 1698ರಲ್ಲಿ ಸಾಯುವಾಗ ತನ್ನ ಸಾಲಗಳಲ್ಲಿ ಒಂದನ್ನೂ ತೀರಿಸಕೂಡದೆಂದು ಉಯಿಲು ಬರೆದಿಟ್ಟನೆಂಬುದು ಪ್ರಸಿದ್ಧ. ಕ್ಯುಬಿಟ್ ಕೂಡ ಕಾಲಿಟ್ಟದ್ದು ಇದೇ ಕಸುಬಿಗೆ.

1820ರ ದಶಕದ ಆರಂಭದಲ್ಲಿ ಬೆಡ್‌ಫರ್ಡ್ ಡ್ಯೂಕನ ಬ್ಲೂಮ್ಸ್‌ಬರಿ ಭೂಮಿಯಲ್ಲಿ ಆತ ದೊಡ್ಡ ಪ್ರಮಾಣದ ಕೆಲಸ ಹಿಡಿದನು. ಟ್ಯಾವಿಸ್ಟಾಕ್ ಚೌಕದ ಮನೆಗಳು, ವೊಬರ್ನ್ ಬೀದಿಗಳು, ಗಾರ್ಡನ್ ಚೌಕ ಒಂದರ ಹಿಂದೊಂದು ರೂಪುಗೊಂಡವು. 1822ರಲ್ಲಿ ಆತ ಕಟ್ಟಿದ ವೊಬರ್ನ್ ವಾಕ್ ಎಂಬ ಪುಟ್ಟ ಅಂಗಡಿ ಬೀದಿ, ಬಾಗಿದ ಕಿಟಕಿಗಳ ಸಮೇತ ಇಂದಿಗೂ ಉಳಿದಿದೆ. ಕವಿ ಯೇಟ್ಸ್ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮನೆ ಮಾಡಿದ್ದನು. ಟ್ಯಾವಿಸ್ಟಾಕ್ ಚೌಕದ ನಡುವಿನ ಉದ್ಯಾನದಲ್ಲಿ 1968ರಿಂದ ಮಹಾತ್ಮ ಗಾಂಧಿಯವರ ಪ್ರತಿಮೆಯಿದೆ. ಲಂಡನ್ನಿಗೆ ಹೋದ ಭಾರತೀಯರಲ್ಲಿ ಅನೇಕರು ಅರಿಯದೆಯೇ ಕ್ಯುಬಿಟ್‌ನ ಚೌಕದಲ್ಲಿ ನಿಂತು ಬಂದಿರುತ್ತಾರೆ.

ಐದು ಹೊಲಗಳ ಜೂಜು

ಬಕಿಂಗ್‌ಹ್ಯಾಮ್ ಹೌಸನ್ನು ಅರಮನೆಯಾಗಿ ಮಾರ್ಪಡಿಸಲು ದೊರೆ ನಾಲ್ಕನೆಯ ಜಾರ್ಜ್ ನಿರ್ಧರಿಸಿದೊಡನೆ ಅದರ ಪಶ್ಚಿಮಕ್ಕಿದ್ದ ಜೌಗು ಬಯಲಿನ ಬೆಲೆ ಬದಲಾಯಿತು. ಬಯಲಿನ ಒಡೆಯ ಗ್ರೋವ್ನರ್ ಅರ್ಲ್. 1820ರ ದಶಕದ ಮಧ್ಯದಲ್ಲಿ ಕ್ಯುಬಿಟ್ ಆತನೊಡನೆ ಒಪ್ಪಂದ ಮಾಡಿಕೊಂಡು ಐದು ಹೊಲಗಳ ದೊಡ್ಡ ಭಾಗವನ್ನು ಹಿಡಿದನು.

ಮೊದಲ ಪ್ರಶ್ನೆ ನೆಲದ್ದು. ಮೇಲಿನ ಜೇಡಿಮಣ್ಣು ನೀರನ್ನು ಹಿಡಿದಿಡುತ್ತಿತ್ತು. ಅದರ ಕೆಳಗಿತ್ತು ಗಟ್ಟಿ ಜಲ್ಲಿ. ಕ್ಯುಬಿಟ್ ಜೇಡಿಮಣ್ಣನ್ನು ಅಗೆಸಿ ತೆಗೆಸಿದನು, ಅಲ್ಲಿಯೇ ಇಟ್ಟಿಗೆಯಾಗಿ ಸುಡಿಸಿದನು. ನೆಲದ ದೋಷವೇ ಗೋಡೆಯ ಸಾಮಗ್ರಿಯಾಯಿತು. ತಗ್ಗು ತುಂಬಿಸಲು ಹೊರಗಿನ ಮಣ್ಣು ಬೇಕಿತ್ತು. ಅದೇ ವೇಳೆಗೆ ಲಂಡನ್ ಗೋಪುರದ ಪಕ್ಕದಲ್ಲಿ ಸೇಂಟ್ ಕ್ಯಾಥರೀನ್ ಹಡಗುಕಟ್ಟೆಯನ್ನು ತೋಡಲಾಗುತ್ತಿತ್ತು. ಅಲ್ಲಿಂದ ಎದ್ದ ಮಣ್ಣನ್ನು ಥೇಮ್ಸ್ ನದಿಯ ಮೇಲೆ ದೋಣಿಗಳಲ್ಲಿ ತರಿಸಿ ಸುರಿಸಿದನು.

ಇಲ್ಲೊಂದು ಸಂಗತಿಯನ್ನು ಮರೆಯಲಾಗದು. ಆ ಹಡಗುಕಟ್ಟೆಗಾಗಿ ಸುಮಾರು 1,250 ಮನೆಗಳನ್ನು ಕೆಡವಿ, ಸುಮಾರು 11,300 ಜನರನ್ನು ಎಬ್ಬಿಸಲಾಗಿತ್ತು. ಬಹುತೇಕ ಅವರೆಲ್ಲ ಬಡ ಬಾಡಿಗೆದಾರರು. ಸ್ವಂತ ಹಕ್ಕಿಲ್ಲದ ಕಾರಣ ಪರಿಹಾರವೂ ಸಿಗಲಿಲ್ಲ. ಮಧ್ಯಯುಗದಿಂದ ನಿಂತಿದ್ದ ಒಂದು ಧರ್ಮಶಾಲೆ-ದೇವಾಲಯವೂ ನೆಲಸಮವಾಯಿತು. ಅವರ ಕೇರಿಗಳ ಕೆಳಗಿನ ಮಣ್ಣು ಬೆಲ್‌ಗ್ರೇವಿಯಾದ ಶ್ರೀಮಂತ ಚೌಕಗಳ ತಳಪಾಯ ಸೇರಿತು. ಅವರನ್ನು ಎಬ್ಬಿಸಿದವನು ಕ್ಯುಬಿಟ್ ಅಲ್ಲ, ನಿಜ. ಆದರೆ ನಗರವೊಂದು ಒಂದು ಕಡೆ ಏರುವಾಗ ಇನ್ನೊಂದು ಕಡೆ ಏನು ಇಳಿಯುತ್ತದೆ ಎಂಬುದರ ಲೆಕ್ಕ ಇಷ್ಟು ನೇರವಾಗಿ ಕಾಣಸಿಗುವುದು ಅಪರೂಪ.

ಮನೆಗಿಂತ ಮೊದಲು ಚರಂಡಿ, ಚರಂಡಿಯ ಮೇಲೆ ರಸ್ತೆ, ರಸ್ತೆಯ ಪಕ್ಕದಲ್ಲಿ ಮನೆ. ಇದು ಕ್ಯುಬಿಟ್ ಬಿಡದ ಕ್ರಮ. ಮನೆ ಮಾರಿ ಬಂದ ಹಣದಲ್ಲಿ ಮುಂದೆಂದೋ ರಸ್ತೆ ಮಾಡಿದರಾಯಿತೆಂಬ ಕಟ್ಟಡಗಾರರ ರೂಢಿಗೆ ಇದು ತದ್ವಿರುದ್ಧ. ಹಣ ನೆಲದಲ್ಲಿ ಹೂತು ಕಾಣದೆ ಹೋಗುತ್ತಿತ್ತು, ಬಡ್ಡಿ ಏರುತ್ತಿತ್ತು. ಆದರೂ ಉತ್ತಮ ಗಿರಾಕಿ ಬರುವುದು ಬೀದಿಯನ್ನು ನೋಡಿಯೇ ಎಂಬುದು ಆತನ ಎಣಿಕೆ. ಬೆಲ್‌ಗ್ರೇವ್ ಚೌಕದ ಭವ್ಯ ಸಾಲುಗಳಿಗೆ ಹಾಲ್ಡಿಮ್ಯಾಂಡ್ ಸೋದರರು ಮುಂತಾದ ಹಣವಂತರ ಕೂಟ ಬಂಡವಾಳ ಹಾಕಿತು, ಜಾರ್ಜ್ ಬಸೆವಿ ವಿನ್ಯಾಸ ಮಾಡಿದನು. ಬೆಲ್‌ಗ್ರೇವಿಯಾದ ಎಲ್ಲವನ್ನೂ ಕ್ಯುಬಿಟ್ ಒಬ್ಬನೇ ಕಟ್ಟಲಿಲ್ಲ. ಸೇತ್ ಸ್ಮಿತ್ ಎಂಬ ಮತ್ತೊಬ್ಬ ಕಟ್ಟಡಗಾರನ ಪಾಲೂ ಅದರಲ್ಲಿದೆ.

ಕೆಲಸ ಶುರುವಾಗುತ್ತಿದ್ದಂತೆ ಸಿಡಿಲು ಬಡಿಯಿತು. 1825ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹಣಕಾಸು ಮಾರುಕಟ್ಟೆ ಕುಸಿದು ಹತ್ತಾರು ಬ್ಯಾಂಕುಗಳು ಬಾಗಿಲು ಹಾಕಿದವು. ಕ್ಯುಬಿಟ್‌ನ ಪರಿಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಬ್ಲೂಮ್ಸ್‌ಬರಿಯಲ್ಲಿ ಮುಗಿಯದ ಚೌಕಗಳು, ಐದು ಹೊಲಗಳಲ್ಲಿ ಮಣ್ಣಿನ ಗುಡ್ಡೆಗಳು, ಅದೇ 1825ರಲ್ಲಿ ಕ್ಲಾಪಮ್‌ನಲ್ಲಿ ಹಿಡಿದ 229 ಎಕರೆ ಹೊಲ. ಎಲ್ಲಕ್ಕೂ ಸಹಿ ಹಾಕಿಯಾಗಿತ್ತು. ಬ್ರೈಟನ್ನಿನ ಕಡಲತೀರದಲ್ಲಿ ಕೆಂಪ್ ಟೌನ್ ಎಂಬ ಬಡಾವಣೆ ಯೋಜಿಸಿದ್ದ ಥಾಮಸ್ ರೀಡ್ ಕೆಂಪ್ ಸಾಲಕ್ಕೆ ಸಿಕ್ಕಿ 1837ರಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಮರಳಿ ಬರದೆ ಪ್ಯಾರಿಸಿನಲ್ಲಿ ಸತ್ತನು. ಅಲ್ಲಿಯ ಹಲವು ಮನೆಗಳನ್ನು ಕಟ್ಟಿದವನೂ ಕ್ಯುಬಿಟ್‌ನೇ.

ಕ್ಯುಬಿಟ್ ಓಡಲಿಲ್ಲ. ವೇಗವನ್ನು ತಗ್ಗಿಸಿದನು. ಕೆಲವು ನಿವೇಶನಗಳನ್ನು ಸಣ್ಣ ಮೇಸ್ತ್ರಿಗಳಿಗೆ ಒಳಭೋಗ್ಯಕ್ಕೆ ಕೊಟ್ಟನು. ಹಾಗೆ ಕೊಟ್ಟಲ್ಲಿಯೂ ಮುಖಭಾಗದ ನಕ್ಷೆ ಹೀಗೆಯೇ ಇರಬೇಕೆಂಬ ಕಟ್ಟುಪಾಡು ಬಿಡಲಿಲ್ಲ. ಬೇಕಾದಾಗ ಅವರಿಗೆ ತಾನೇ ಸಾಲವನ್ನೂ ಕೊಟ್ಟನು. ಈಟನ್ ಚೌಕ ಮುಗಿಯಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಇದರಲ್ಲೊಂದು ವಿಪರ್ಯಾಸವೂ ಇದೆ. ಬೆಲ್‌ಗ್ರೇವಿಯಾ ಮೇಲೆದ್ದಷ್ಟೂ ಶ್ರೀಮಂತರು ಪಶ್ಚಿಮಕ್ಕೆ ಸರಿದರು, ಆತನದೇ ಬ್ಲೂಮ್ಸ್‌ಬರಿ ಮನೆಗಳಿಗೆ ಗಿರಾಕಿ ಕಡಿಮೆಯಾದರು. ತನಗೆ ತಾನೇ ಪ್ರತಿಸ್ಪರ್ಧಿಯಾದ ಕ್ಯುಬಿಟ್ ಎರಡೂ ಕಡೆಯ ನೆಲಬಾಡಿಗೆಯನ್ನು ಹೊರಬೇಕಾಯಿತು.

ಈ ನಡುವೆ ಸೋದರರ ದಾರಿಗಳು ಬೇರೆಯಾದವು. ಗ್ರೇಸ್ ಇನ್ ರಸ್ತೆಯ ಗುತ್ತಿಗೆ ವ್ಯವಹಾರ ವಿಲಿಯಂನ ಪಾಲಿಗೆ ಹೋಯಿತು. ಮುಂದೆ ಆತ ಲಂಡನ್ನಿನ ಲಾರ್ಡ್ ಮೇಯರ್ ಆದನು. ಕಿರಿಯ ಲೂಯಿಸ್ ವಾಸ್ತುಶಿಲ್ಪಿಯಾಗಿ 1852ರಲ್ಲಿ ತೆರೆದ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣವನ್ನು ರೂಪಿಸಿದನು. ಮನೆ ಕಟ್ಟಿ ಮಾರುವ ಜೂಜು ಹಿರಿಯಣ್ಣನದಾಗಿಯೇ ಉಳಿಯಿತು.

ಬಿಯರ್ ಜಗಳ

ಕ್ಯುಬಿಟ್‌ನನ್ನು ಕಾರ್ಮಿಕರ ಬಂಧುವೆಂದು ಬಣ್ಣಿಸುವವರು 1834ನ್ನು ಬೇಗನೆ ದಾಟಿಬಿಡುತ್ತಾರೆ. ಆತನ ಕೆಲಸಗಾರರಿಗೆ ಗ್ರಂಥಾಲಯವಿತ್ತು, ಅವರ ಮಕ್ಕಳಿಗೆ ಶಾಲೆಯಿತ್ತು, ಬೇರೆಡೆ ಸಿಗದ ಕಾಯಂ ಕೂಲಿಯಿತ್ತು. ಎಲ್ಲವೂ ನಿಜ. ಆ ವರ್ಷ ಕಟ್ಟಡ ಕಾರ್ಮಿಕರ ಸಂಘ, ಸಂಘಕ್ಕೆ ಸೇರದವರನ್ನು ಕೆಲಸಕ್ಕಿಟ್ಟುಕೊಂಡ ಒಂದು ಮದ್ಯ ತಯಾರಿಕಾ ಸಂಸ್ಥೆಯ ಬಿಯರನ್ನು ಕುಡಿಯಕೂಡದೆಂದು ನಿರ್ಣಯಿಸಿತು. ಕ್ಯುಬಿಟ್‌ನ ಆಳುಗಳೂ ಅದನ್ನು ಮುಟ್ಟಲಿಲ್ಲ. ಹಾಗಿದ್ದರೆ ತನ್ನ ಆವರಣದೊಳಗೆ ಬೇರಾವ ಬಿಯರೂ ಬರಕೂಡದೆಂದು ಕ್ಯುಬಿಟ್ ಅಪ್ಪಣೆ ಮಾಡಿದನು. ಕೇಳಲು ನಗೆ ಬರುವ ಈ ಜಗಳ ಕೆಲವೇ ದಿನಗಳಲ್ಲಿ ಬೀಗಮುದ್ರೆಗೆ ತಿರುಗಿತು. ಲಂಡನ್ನಿನ ಇತರ ಕಟ್ಟಡಗಾರರೂ ಕೂಡಿಕೊಂಡರು. ಸಂಘ ಬಿಡುತ್ತೇನೆಂದು ಸಹಿ ಹಾಕಿದವರಿಗೆ ಮಾತ್ರ ಕೆಲಸವೆಂಬ ಷರತ್ತು ಬಂದಿತು. ತಿಂಗಳುಗಟ್ಟಲೆ ಒಲೆ ಹೊತ್ತದ ಮನೆಗಳು ಸೋತವು. ಆ ಹೊಡೆತದಿಂದ ಸಂಘ ಚೇತರಿಸಿಕೊಳ್ಳಲಿಲ್ಲ.

ತಾನೇ ಬಡಗಿಯಾಗಿದ್ದವನು ಬಡಗಿಗಳ ಒಗ್ಗಟ್ಟನ್ನು ಮುರಿಯುವವರ ಮುಂಚೂಣಿಯಲ್ಲಿ ನಿಂತದ್ದು ಆತನ ಬದುಕಿನ ಮೆಚ್ಚಲಾಗದ ಅಧ್ಯಾಯ. ಕೆಲಸ ಕೊಡುವುದು ತನ್ನ ಹೊಣೆಯೆಂದು ತಿಳಿದಿದ್ದ ಕ್ಯುಬಿಟ್‌ಗೆ, ಅದರ ಷರತ್ತುಗಳನ್ನು ಕೇಳುವ ಹಕ್ಕು ಕೆಲಸಗಾರನಿಗೂ ಇದೆಯೆಂಬುದು ಒಪ್ಪಿಗೆಯಾಗಲಿಲ್ಲ.

ಪಿಮ್ಲಿಕೊ ಮತ್ತು ಥೇಮ್ಸ್

ಬೆಲ್‌ಗ್ರೇವಿಯಾದ ದಕ್ಷಿಣಕ್ಕೆ ನದಿಯವರೆಗಿನ ಪಿಮ್ಲಿಕೊ ಪ್ರದೇಶವನ್ನು ಆತ 1830ರ ದಶಕದಿಂದ ಕಟ್ಟತೊಡಗಿದನು. ಇಲ್ಲಿ ಗಿರಾಕಿ ಬೇರೆ. ಶ್ರೀಮಂತ ಪ್ರಭುಗಳಲ್ಲ, ವಕೀಲರು, ಅಧಿಕಾರಿಗಳು, ವ್ಯಾಪಾರಿಗಳು. ಅದೇ ಬಿಳಿ ಗಾರೆ, ಅದೇ ಕಂಬ, ಅಳತೆ ಮಾತ್ರ ಚಿಕ್ಕದು. ನದಿದಂಡೆಯಲ್ಲಿ ಆತ ಸ್ಥಾಪಿಸಿದ ಹೊಸ ಕಾರ್ಯಾಗಾರದಲ್ಲಿ ಉಗಿಯಂತ್ರದಿಂದ ಮರ ಕೊಯ್ಯಲಾಗುತ್ತಿತ್ತು. ಸಾವಿರಕ್ಕೂ ಹೆಚ್ಚು ಜನ ಆತನ ಕೆಳಗೆ ದುಡಿಯುತ್ತಿದ್ದರು.

ನದಿದಂಡೆಯ ನೆರೆಹೊರೆ ಆತನನ್ನು ಇನ್ನೊಂದು ವಿಷಯಕ್ಕೆ ಎಳೆಯಿತು. ಮೊದಲು ಪ್ರತಿ ಮನೆಯ ಕೆಳಗೂ ಮಲದ ಗುಂಡಿಯಿರುತ್ತಿತ್ತು. ಹೊಸ ಚರಂಡಿಗಳು ಬಂದ ಮೇಲೆ ಎಲ್ಲವೂ ನೇರ ಥೇಮ್ಸ್ ಸೇರತೊಡಗಿತು, ಅದೇ ನದಿಯ ನೀರನ್ನು ಲಂಡನ್ ಕುಡಿಯುತ್ತಲೂ ಇತ್ತು. ಮನೆಮನೆಯ ಗುಂಡಿ ಹೋಗಿ ನದಿಯೇ ಒಂದು ದೊಡ್ಡ ಗುಂಡಿಯಾಗಿದೆಯೆಂದು ಕ್ಯುಬಿಟ್ 1840ರಲ್ಲಿ ಸಂಸತ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಚರಂಡಿ ಕಟ್ಟುವುದರಲ್ಲಿ ಆತನಷ್ಟು ಅನುಭವವಿದ್ದವರು ನಗರದಲ್ಲಿ ಕಡಿಮೆ; ಆದುದರಿಂದ ಈ ಮಾತಿಗೆ ತೂಕವಿತ್ತು. 1843ರಲ್ಲಿ ಥೇಮ್ಸ್ ಮತ್ತು ಲಂಡನ್ನಿನ ಒಳಚರಂಡಿಯ ಸುಧಾರಣೆ ಕುರಿತು ಒಂದು ಕಿರುಹೊತ್ತಗೆಯನ್ನೂ ಪ್ರಕಟಿಸಿದನು. ಯಾರೂ ಅವಸರ ಮಾಡಲಿಲ್ಲ. 1854ರಲ್ಲಿ ಕಾಲರಾ ಮತ್ತೆ ಲಂಡನ್ನಿನಲ್ಲಿ ಸಾವಿರಾರು ಜನರನ್ನು ಕೊಂದಿತು. 1858ರ ಬೇಸಿಗೆಯಲ್ಲಿ ನದಿಯ ದುರ್ವಾಸನೆ ಸಂಸತ್ ಭವನದೊಳಗೆ ನುಗ್ಗಿದ ಮೇಲಷ್ಟೇ ಜೋಸೆಫ್ ಬಜಲ್‌ಗೆಟ್‌ನ ಬೃಹತ್ ಒಳಚರಂಡಿ ಯೋಜನೆಗೆ ಹಣ ದೊರೆಯಿತು. ಆ ವೇಳೆಗೆ ಕ್ಯುಬಿಟ್ ಇರಲಿಲ್ಲ.

ನದಿಯಾಚೆಯ ಬ್ಯಾಟರ್ಸಿ ಬಯಲಿನಲ್ಲಿ ಸಾರ್ವಜನಿಕ ಉದ್ಯಾನ ಆಗಬೇಕೆಂದು ಮೊದಲು ಒತ್ತಾಯಿಸಿದವರಲ್ಲಿ ಆತನೂ ಒಬ್ಬ. 1846ರಲ್ಲಿ ಅದಕ್ಕೆ ಕಾಯಿದೆಯಾಯಿತು, 1858ರಲ್ಲಿ ಉದ್ಯಾನ ತೆರೆಯಿತು. ಎದುರು ದಂಡೆಯಲ್ಲಿ ಹಸಿರಿದ್ದರೆ ಪಿಮ್ಲಿಕೊದ ಮನೆಗಳಿಗೆ ಬೆಲೆ ಬರುತ್ತದೆಂಬುದು ಆತನಿಗೆ ಗೊತ್ತಿರಲಿಲ್ಲವೆಂದಲ್ಲ. ಸ್ವಾರ್ಥ ಮತ್ತು ಊರ ಹಿತ ಒಂದೇ ದಾರಿಯಲ್ಲಿ ಹೋಗುವಾಗ ಎರಡನ್ನೂ ಬೇರ್ಪಡಿಸುವ ಗೋಜಿಗೆ ಆತ ಹೋಗಲಿಲ್ಲ.

ರಾಣಿಯ ಮನೆ

ಆಂಗ್ಲ ದ್ವೀಪದ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ ಆಸ್‌ಬರ್ನ್ ಎಂಬ ಹಳೆಯ ಮನೆಯನ್ನು ವಿಕ್ಟೋರಿಯಾ ರಾಣಿಯೂ ಆಕೆಯ ಪತಿ ಆಲ್ಬರ್ಟ್ ರಾಜಕುಮಾರನೂ 1845ರಲ್ಲಿ ಖರೀದಿಸಿದರು. ಅದನ್ನು ದುರಸ್ತಿ ಮಾಡಿ ದೊಡ್ಡದಾಗಿಸುವುದು ಅವರ ವಿಚಾರ. ಸಲಹೆಗಾಗಿ ಕ್ಯುಬಿಟ್‌ನನ್ನು ಕರೆಸಿದರು. ಆತ ಮನೆಯನ್ನು ನೋಡಿ, ಇದನ್ನು ಸರಿಪಡಿಸುವುದಕ್ಕಿಂತ ಕೆಡವಿ ಹೊಸದು ಕಟ್ಟುವುದೇ ಅಗ್ಗವೆಂದನು. ದುರಸ್ತಿಯಿಂದ ಕಸುಬು ಆರಂಭಿಸಿದವನ ಮಾತು ಅದು. ಒಪ್ಪಿದರು. ಆಲ್ಬರ್ಟ್ ಬಯಸಿದ ಇಟಲಿ ಶೈಲಿಯ ಗೋಪುರಗಳನ್ನು ಕ್ಯುಬಿಟ್ ನಕ್ಷೆಗಿಳಿಸಿದನು. ನಡುವೆ ಪ್ರತ್ಯೇಕ ವಾಸ್ತುಶಿಲ್ಪಿ ಇರಲಿಲ್ಲ. ಬೆಂಕಿಯ ಭಯ ಕಡಿಮೆಯಾಗಲೆಂದು ಎರಕದ ಕಬ್ಬಿಣದ ತೊಲೆಗಳನ್ನು ಬಳಸಲಾಯಿತು. 1845ರ ಜೂನಿನಲ್ಲಿ ಅಡಿಗಲ್ಲು. ಮರುವರ್ಷ ಸೆಪ್ಟೆಂಬರಿನಲ್ಲಿ ರಾಜಕುಟುಂಬ ಒಳಹೊಕ್ಕಿತು. ಇಡೀ ಕೆಲಸ ಮುಗಿದದ್ದು 1851ರಲ್ಲಿ. ಇದೇ ಮನೆಗೆ 1890ರ ಸುಮಾರಿನಲ್ಲಿ ಪಂಜಾಬಿನ ಭಾಯಿ ರಾಮ್ ಸಿಂಗ್ ವಿನ್ಯಾಸದ ದರ್ಬಾರ್ ಕೋಣೆ ಸೇರಿತು. 1901ರಲ್ಲಿ ವಿಕ್ಟೋರಿಯಾ ಕೊನೆಯುಸಿರೆಳೆದದ್ದೂ ಇಲ್ಲಿಯೇ.

ಅರಮನೆಯ ವಿಶ್ವಾಸ ದೊರೆತ ಮೇಲೆ ಬಕಿಂಗ್‌ಹ್ಯಾಮ್‌ನ ಪೂರ್ವಭಾಗದ ಹೊಸ ಸಾಲನ್ನು ಕಟ್ಟುವ ಕೆಲಸವೂ 1847ರಲ್ಲಿ ಆತನಿಗೆ ಬಂದಿತು. ನಕ್ಷೆ ಎಡ್ವರ್ಡ್ ಬ್ಲೋರ್‌ನದು. ರಾಜಮನೆತನದವರು ಜನರತ್ತ ಕೈಬೀಸುವ ಪ್ರಸಿದ್ಧ ಉಪ್ಪರಿಗೆ ಇರುವುದು ಈ ಭಾಗದಲ್ಲಿ. ಮೆತ್ತನೆಯ ಫ್ರೆಂಚ್ ಕಲ್ಲು ಲಂಡನ್ನಿನ ಹೊಗೆಗೆ ಸವೆದುದರಿಂದ 1913ರಲ್ಲಿ ಮುಖಭಾಗಕ್ಕೆ ಹೊಸ ಕಲ್ಲು ಹೊದಿಸಬೇಕಾಯಿತು. ಅರಮನೆಯ ಮುಂದಿದ್ದ ಅಮೃತಶಿಲೆಯ ಕಮಾನನ್ನು ಬಿಚ್ಚಿ ಹೈಡ್ ಪಾರ್ಕಿನ ಮೂಲೆಗೆ ಸಾಗಿಸಿ ಮರುಜೋಡಿಸಿದವನೂ ಕ್ಯುಬಿಟ್. 1851ರ ಮಹಾ ಪ್ರದರ್ಶನದ ವಿಚಾರ 1849ರ ಜೂನ್ 30ರಂದು ಆಲ್ಬರ್ಟ್‌ನ ಮುಂದೆ ಮೊದಲು ಚರ್ಚೆಯಾದಾಗ ಆ ಕೋಣೆಯಲ್ಲಿದ್ದ ಬೆರಳೆಣಿಕೆಯ ಮಂದಿಯಲ್ಲಿ ಆತ ಒಬ್ಬ.

ಬೆಂಕಿ, ಉಯಿಲು, ಉಳಿದದ್ದು

1854ರ ಆಗಸ್ಟಿನಲ್ಲಿ ಪಿಮ್ಲಿಕೊದ ಕಾರ್ಯಾಗಾರ ಸುಟ್ಟುಹೋಯಿತು. ನಷ್ಟ 30,000 ಪೌಂಡು ಎಂದು ಅಂದಾಜಾಯಿತು. ಬಡಗಿಗಳು ತಮ್ಮ ಉಪಕರಣಗಳನ್ನು ತಾವೇ ಕೊಳ್ಳುತ್ತಿದ್ದ ಕಾಲ ಅದು. ಉಳಿ, ಗರಗಸ, ಕೀಸುಳಿಗಳು ಬೆಂಕಿಗೆ ಹೋದರೆ ನಾಳೆಯ ಅನ್ನವೇ ಹೋದಂತೆ. ಸುದ್ದಿ ತಲುಪಿದಾಗ ಕ್ಯುಬಿಟ್ ಊರಿನಲ್ಲಿರಲಿಲ್ಲ. ವಾರದೊಳಗೆ ಎಲ್ಲರಿಗೂ ಕೆಲಸ ಸಿಗುವುದೆಂದೂ ಹೊಸ ಉಪಕರಣಗಳಿಗೆ ತಾನು 600 ಪೌಂಡು ಕೊಡುವೆನೆಂದೂ ಕೂಡಲೇ ಹೇಳಿಕಳುಹಿಸಿದನು. ಇಪ್ಪತ್ತು ವರ್ಷಗಳ ಹಿಂದೆ ಇದೇ ಕೆಲಸಗಾರರಿಗೆ ಬಾಗಿಲು ಹಾಕಿದವನೂ ಈತನೇ. ಎರಡೂ ಒಬ್ಬನೇ ಮನುಷ್ಯನ ನಡತೆ.

ಮರುವರ್ಷ, 1855ರ ಡಿಸೆಂಬರ್ 20ರಂದು, ಡಾರ್ಕಿಂಗ್ ಬಳಿಯ ಡೆನ್‌ಬೀಸ್ ಎಂಬ ತನ್ನ ಸ್ವಂತ ಮನೆಯಲ್ಲಿ ಕ್ಯುಬಿಟ್ ತೀರಿಕೊಂಡನು. ಆಗ ಆತನಿಗೆ 67 ವರ್ಷ. ಅದನ್ನು ದೇಶಕ್ಕಾದ ನಷ್ಟವೆಂದು ರಾಣಿ ತನ್ನ ದಿನಚರಿಯಲ್ಲಿ ಬರೆದುಕೊಂಡಳು. ಆತನ ಚರಾಸ್ತಿಯ ಮೌಲ್ಯವೇ ಹತ್ತು ಲಕ್ಷ ಪೌಂಡನ್ನು ಮೀರಿತ್ತು. ಉಯಿಲು 386 ಹಾಳೆಗಳಷ್ಟು ಉದ್ದ, ಮೂವತ್ತು ಸಾವಿರಕ್ಕೂ ಹೆಚ್ಚು ಪದಗಳು. ಅಲ್ಲಿಯವರೆಗಿನ ಅತಿ ದೀರ್ಘ ಉಯಿಲೆಂದು ಅದು ಹೆಸರಾಯಿತು. ಮುಗಿಯದ ಮನೆಗಳು, ಒಳಭೋಗ್ಯಗಳು, ಕೊಟ್ಟ ಸಾಲಗಳು, ಕಟ್ಟಬೇಕಾದ ಬೀದಿಗಳು ಎಲ್ಲವೂ ವಿಲೇವಾರಿಯಾಗಬೇಕಿತ್ತು. ಬಾರ್ಬನ್ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಕ್ಯುಬಿಟ್ ಇಷ್ಟು ಉದ್ದ ಬರೆಸಬೇಕಾಯಿತು. ಉಯಿಲಿನ ಕಾರ್ಯಕರ್ತರು ಬಾಕಿ ಕೆಲಸವನ್ನು ವರ್ಷಗಟ್ಟಲೆ ಮುಂದುವರಿಸಿದರು. 1820ರ ದಶಕದಲ್ಲಿ ಹಿಡಿದ ಬ್ಲೂಮ್ಸ್‌ಬರಿಯ ಗಾರ್ಡನ್ ಚೌಕ ಪೂರ್ಣಗೊಂಡದ್ದು ಆತ ಸತ್ತ ಮೇಲೆಯೇ.

ಮಗ ಜಾರ್ಜ್ 1892ರಲ್ಲಿ ಆಶ್‌ಕೂಂಬ್ ಪ್ರಭುವಾದನು. ಅದೇ ವಂಶದ ಕುಡಿ ಕ್ಯಾಮಿಲ್ಲಾ 2023ರ ಮೇ 6ರಂದು ಬ್ರಿಟನ್ನಿನ ರಾಣಿಯಾಗಿ ಕಿರೀಟ ಧರಿಸಿ ಬಂದು ನಿಂತದ್ದು, ಬಡಗಿ ಪೂರ್ವಜ ಕಟ್ಟಿದ ಅರಮನೆಯ ಸಾಲಿನ ಉಪ್ಪರಿಗೆಯಲ್ಲಿ.

ಬೆಲ್‌ಗ್ರೇವಿಯಾದ ನೆಲ ಮಾತ್ರ ಕ್ಯುಬಿಟ್‌ನ ವಂಶಕ್ಕೆ ಎಂದೂ ಸೇರಲಿಲ್ಲ. ಗ್ರೋವ್ನರ್ ಮನೆತನದಲ್ಲಿಯೇ ಉಳಿಯಿತು. ಹಳೆಯ ಭೋಗ್ಯಗಳು ಮುಗಿಯುತ್ತ ಬಂದಂತೆ ಮನೆ ಯಾರದೆಂಬ ಪ್ರಶ್ನೆ ಎದ್ದಿತು. ದೀರ್ಘಾವಧಿ ಭೋಗ್ಯದ ಮನೆಯಲ್ಲಿ ವಾಸಿಸುವವರು ನೆಲವನ್ನೂ ಕೊಳ್ಳಬಹುದೆಂದು 1967ರ ಕಾಯಿದೆ ಹೇಳಿತು. ಆ ಕಾಯಿದೆಯಡಿ ಬೆಲ್‌ಗ್ರೇವಿಯಾದ ಸುಮಾರು 80 ಮನೆಗಳು ಕೈಬಿಟ್ಟುಹೋದಾಗ ವೆಸ್ಟ್‌ಮಿನ್‌ಸ್ಟರ್ ಡ್ಯೂಕನ ಆಸ್ತಿಯ ಧರ್ಮದರ್ಶಿಗಳು ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 1986ರಲ್ಲಿ ತೀರ್ಪು ಅವರ ವಿರುದ್ಧ ಬಂದಿತು. ಆದರೂ ಬೆಲ್‌ಗ್ರೇವಿಯಾದ ದೊಡ್ಡ ಭಾಗ ಆ ಮನೆತನದ ಕೈಯಲ್ಲಿಯೇ ಉಳಿಯಿತು.

ಪಿಮ್ಲಿಕೊದ ಮನೆಗಳಲ್ಲಿ ಅನೇಕವು ಕಾಲಾಂತರದಲ್ಲಿ ಕೋಣೆಕೋಣೆಯಾಗಿ ಬಾಡಿಗೆಗೆ ಹೋದವು, ಸಣ್ಣ ಹೋಟೆಲುಗಳಾದವು. ಸುಟ್ಟು ಮತ್ತೆ ಎದ್ದ ಕಾರ್ಯಾಗಾರದ ಜಾಗದಲ್ಲಿ 1930ರ ದಶಕದಲ್ಲಿ ಡಾಲ್ಫಿನ್ ಸ್ಕ್ವೇರ್ ಎಂಬ ಬೃಹತ್ ವಸತಿ ಸಮುಚ್ಚಯ ಬಂದಿತು. ಡೆನ್‌ಬೀಸ್ ಮನೆಯನ್ನು 1953ರಲ್ಲಿ ಕೆಡವಲಾಯಿತು. ಅದರ ಸುತ್ತಣ ಇಳಿಜಾರಿನಲ್ಲಿ 1980ರ ದಶಕದಿಂದ ದ್ರಾಕ್ಷಿ ತೋಟವಿದೆ.